ಸೋಮವಾರವೇ ಬೇಕಿತ್ತು

ಆಂಧ್ರದ ಗಡಿಯ ಆದವಾನಿಗೆ ಬಂದ ಮೊದಲ ದಿನ ತಂತಿಯ ಮೇಲೆ ಒಣಹಾಕಿದ್ದ ನನ್ನ ಕಪ್ಪು ಸೀರೆಗೆ ಸಂಜೆಯೊಳಗೆ ನರೆ ಬಂದಿತ್ತು. ಒದರಿದರೆ ಬಿಳಿ ನವಿರು ಹಾರಿ ಮತ್ತೆ ಅದರ ಮೇಲೇ ಕೂರುತ್ತಿತ್ತು. ಪಕ್ಕದ ಮನೆಯ ಹುಲಿಗೆಮ್ಮ ನಕ್ಕಳು: "ಜಿನ್ನಿನ ಧೂಳ ಐತಿ ಯಕ್ಕಾ. ಈ ಊರಾಗ ಬಿಳೀ ಸೀರಿನೇ ಪಾಡ."

ಜಿನ್ನು ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ಹುಲಿಗೆಮ್ಮ ಅಲ್ಲಿ ಹತ್ತಿ ಹೊರುತ್ತಾಳೆ. ನಮ್ಮ ಯಜಮಾನರು ಅಲ್ಲೇ ಫಿಟ್ಟರ್ ಕೆಲಸಕ್ಕೆ ಸೇರಿದ್ದರಿಂದ ನಾವು ಮಂಡ್ಯ ಬಿಟ್ಟೆವು.

ಮುದ್ದೆ ನುಂಗುತ್ತಿದ್ದವಳು ಇಲ್ಲಿ ಉಗ್ಗಾಣಿ, ಅಂದರೆ ನೆನೆಸಿದ ಮಂಡಕ್ಕಿಯ ಒಗ್ಗರಣೆ, ತಿನ್ನಲು ಕಲಿತೆ. ಮನೆಮನೆಗೆ ಸೀರೆ ಮಾರುತ್ತ ಅರ್ಧ ತೆಲುಗು, ಅರ್ಧ ಇಲ್ಲಿಯ ಕನ್ನಡ ಕಲಿತೆ. ಹೊಸ ಊರಿಗೆ ಹೋಗುವವರು ಮೊದಲು ಚೌಕಾಸಿಯ ಮಾತು ಕಲಿಯಿರಿ. ಕುಶಲ ಕೇಳುವ ಮಾತು ತಾನಾಗಿ ಬರುತ್ತದೆ.

ಕೆಲವು ವರ್ಷಕ್ಕೆ ಯಜಮಾನರಿಗೆ ಉಸಿರು ಕಟ್ಟತೊಡಗಿತು. ಜಿನ್ನಿನ ಸಾವ್ಕಾರರು ಆಳುಗಳ ಎದುರಿಗೇ ಅವರನ್ನು ಕೆಲಸದಿಂದ ಬಿಡಿಸಿ, ನನಗೆ ಹೇಳಿದರು: "ಬೀಡಿ ಬಿಡಂತ ಹೇಳಮ್ಮಾ ನಿನ್ ಗಂಡಗ. ಆಮ್ಯಾಲ ನೋಡೋಣ." ನಮ್ಮವರು ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಅವರನ್ನು ಊರಿಗೆ ಕಳಿಸಿದೆ. ಆ ಮಾತನ್ನು ವಾಪಸ್ ಕೊಡುವವರೆಗೆ ನಾನು ಹೋಗುವವಳಲ್ಲ ಎಂದುಕೊಂಡೆ.

ಕಳೆದ ವರ್ಷ ವೈದ್ಯಕೀಯ ಕಾಲೇಜಿನ ತಂಡವೊಂದು ಬಂತು. ಹತ್ತಿಯ ಧೂಳು ಶ್ವಾಸಕೋಶವನ್ನು ಹೇಗೆ ಕೆಡಿಸುತ್ತದೆ, ಪೂರ್ತಿ ಕೆಡುವ ಮೊದಲೇ ರಕ್ತದಲ್ಲಿ ಏನಾದರೂ ಗುರುತು ಸಿಗುತ್ತದೆಯೇ ಎಂಬ ಸಂಶೋಧನೆ. ಸೂಜಿಗೆ ಹೆದರುವ ಆಳುಗಳೊಂದಿಗೆ ಮಾತಾಡಲು ನನ್ನನ್ನು ಸೇರಿಸಿಕೊಂಡರು. ಎಲ್ಲ ನಾನು ಸೀರೆ ಮಾರಿದ ಮನೆಗಳೇ.

ಸಾವ್ಕಾರರು ಶನಿವಾರ ಬನ್ನಿ ಎಂದರು. ತಂಡದ ಡಾಕ್ಟರಮ್ಮನ ಮುಖ ಬಾಡಿತು. ಈ ಕಾಯಿಲೆ ಭಾನುವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆಯನ್ನು ಬಿಗಿಯುತ್ತದಂತೆ. ವಾರ ಕಳೆದಂತೆ ಸಡಿಲವಾಗಿ ಅಡಗಿಕೊಳ್ಳುತ್ತದಂತೆ. ಸೋಮವಾರವೇ ಬೇಕು.

ಬೇಕಾದದ್ದನ್ನು ಬಾಯಿಬಿಟ್ಟು ಮೊದಲೇ ಕೇಳಬೇಡಿ, ಎಲ್ಲಿ ಬಾಳಿದರೂ. ನಾನು ಹೋಗಿ, "ಬುಧವಾರ ಕೊಡ್ರಿ ಸಾವ್ಕಾರ್ರೇ, ಅರ್ಧ ದಿನ ಮಶೀನ್ ನಿಂದರಿಸಿದ್ರ ಸಾಕು" ಎಂದೆ.

"ಮಶೀನ್ ನಿಂದರಿಸೋದಾ? ತಲಿ ಕೆಟ್ಟೈತೇನಮ್ಮಾ! ಸೋಮವಾರ ಪೂಜಿಗೆ ಎಲ್ಲಾರೂ ಬಂದು ನಿಂತಿರ್ತಾರ, ಕಾಯಿ ಒಡಿಯೋದ್ರಾಗ ಮುಗಿಸ್ಕೋರಿ. ಉಳದದ್ದು ಸಂಜಿಗೆ."

ವಾರದ ಮೊದಲ ದಿನ ಮಶೀನಿಗೆ ಕುಂಕುಮವಿಟ್ಟು ಕಾಯಿ ಒಡೆಯದೆ ಅಲ್ಲಿ ಯಾರೂ ಗುಂಡಿ ಒತ್ತುವುದಿಲ್ಲ. ನಾನು ಮುಖ ಸಪ್ಪಗೆ ಮಾಡಿಕೊಂಡು ಒಪ್ಪಿದೆ.

ಸೋಮವಾರ ಬೆಳಿಗ್ಗೆ ಒಪ್ಪಿದವರೆಲ್ಲ ರಕ್ತ ಕೊಟ್ಟು, ಉಸಿರು ಅಳೆಯುವ ಮುಳ್ಳಿನ ಕೊಳವೆಗೆ ಊದಿದರು. ಸಾವ್ಕಾರರೂ ಊದಿದರು: "ನೋಡ್ರಲೇ, ಎದಿ ಅಂದ್ರ ಇದು!" ಸಂಜೆ ಮತ್ತೆ ಊದಿಸಿದಾಗ ಬಹಳ ಜನರ ಮುಳ್ಳು ಬೆಳಿಗ್ಗೆಗಿಂತ ಕೆಳಗಿಳಿದಿತ್ತು. ದಿನವಿಡೀ ಮಶೀನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಸಾವ್ಕಾರರದ್ದೂ ಇಳಿದಿತ್ತು. ಅವರೂ ಬೀಡಿ ಸೇದುವವರಲ್ಲ. ಮತ್ತೊಮ್ಮೆ ಊದಿದರು. ಮುಳ್ಳು ಏಳಲಿಲ್ಲ.

"ಏನ್ ಬಂತಮ್ಮಾ ನಂದು?" ದನಿ ಸಣ್ಣದಾಗಿತ್ತು.

ಆಳುಗಳೆಲ್ಲ ಅಲ್ಲೇ ಇದ್ದರು. "ಬೀಡಿ ಬಿಡ್ರಿ ಸಾವ್ಕಾರ್ರೇ. ಆಮ್ಯಾಲ ನೋಡೋಣ" ಎಂದೆ.

ಹುಲಿಗೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರಮ್ಮ ನನ್ನನ್ನು ಗದರಿ, ಸಾವ್ಕಾರರನ್ನು ಒಳಗೆ ಕರೆದೊಯ್ದರು. ಗದರಿಸಿಕೊಂಡದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ರಕ್ತದಲ್ಲಿನ ಗುರುತು ಇನ್ನೂ ಸಿಕ್ಕಿಲ್ಲ, ವರ್ಷಗಳೇ ಬೇಕಂತೆ. "ವಾಪಸ್ ಕೊಟ್ಟಾಯ್ತಲ್ಲ, ಬಂದ್ಬುಡಮ್ಮಿ" ಎನ್ನುತ್ತಾರೆ ಯಜಮಾನರು ಫೋನಿನಲ್ಲಿ. "ಕೆಲ್ಸ ಐತಿ" ಎನ್ನುತ್ತೇನೆ. ನನ್ನ ಈ 'ಐತಿ'ಗೆ ಮಂಡ್ಯದವರು ನಗುತ್ತಾರೆ. ಹುಲಿಗೆಮ್ಮನಿಗೆ ನಾನಿನ್ನೂ 'ಮೈಸೂರು ಕಡೆಯಾಕಿ.'

ಹೋದ ಸಲ ಊರಿಗೆ ಹೋದಾಗ ಆ ಕಪ್ಪು ಸೀರೆ ಬಿಚ್ಚಿದರೆ ಮಡಿಕೆಯೊಳಗೆ ಬಿಳಿ ನವಿರು. ಯಜಮಾನರು ಒಳಗೆ ಮಲಗಿದ್ದರು. ಹಿತ್ತಲು ದಾಟಿ, ಅವರ ಕಿಟಕಿಗೆ ಗಾಳಿ ಬೀಸದ ಕಡೆ ನಿಂತು, ಒದರಿ ಬಂದೆ.