ಅಕ್ಕನ ಹೆಸರಿನ ಸಹಿ

ಐವತ್ತಾರರಲ್ಲಿ ವಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ದಿನ ಅಪ್ಪ ತಿಕೋಟಾದ ತನ್ನ ಕಿರಾಣಿ ಅಂಗಡಿಯ ಮುಂದೆ ನಿಂತು ಹೋಗಿಬರುವವರಿಗೆಲ್ಲ ಪೇಢೆ ಹಂಚಿದ. ಆಮೇಲೆ ಮನೆಗೆ ಬಂದು ಪಡಸಾಲೆಯ ಕಂಬಕ್ಕೊರಗಿ ಕೂತು ಅಳತೊಡಗಿದ. ಅವ್ವ ಗಾಬರಿಯಿಂದ ಏನಾಯಿತೆಂದು ಕೇಳಿದಳು.

"ಎಲ್ಲಾರೂ ಒಳಗ ಬಂದ್ವಿ. ನನ್ನ ಹಿರೇ ಮಗಳು ಒಬ್ಬಾಕಿ ಹೊರಗ ಉಳದ್ಲು" ಅಂದ.

ಅಕ್ಕನನ್ನು ಕೊಟ್ಟ ಊರು ಜತ್ತ ತಾಲೂಕಿನಲ್ಲಿತ್ತು. ತಿಕೋಟಾದಿಂದ ಬೆಳಿಗ್ಗೆ ಚಕ್ಕಡಿ ಹೂಡಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದಿತ್ತು. ಆ ಊರಿನ ಮನೆಗಳಲ್ಲಿ ಆಡುವ ಮಾತು ಕನ್ನಡವೇ. ಆದರೂ ಜತ್ತ ಮುಂಬೈ ಕಡೆಗೇ ಉಳಿಯಿತು, ಮುಂದೆ ಮಹಾರಾಷ್ಟ್ರಕ್ಕೆ ಸೇರಿತು. ಶಾಲೆ, ಚಾವಡಿ, ಸೊಸೈಟಿ ಎಲ್ಲವೂ ಮರಾಠಿಯಲ್ಲಿ ನಡೆಯುತ್ತಿದ್ದವು.

ಅಪ್ಪ ಅಳುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಆಗಷ್ಟೇ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರಿಕೆಯ ತರಬೇತಿಗೆ ಹೊರಡುವ ತಯಾರಿಯಲ್ಲಿದ್ದೆ. ಅವನ ಇನ್ನೊಬ್ಬ ಮಗಳು ನಾನು ಒಳಗೇ ಇದ್ದೆ, ಎರಡು ಮಾರು ದೂರದಲ್ಲಿದ್ದೆ. ಅದರಿಂದ ಅವನಿಗೆ ಏನೂ ಸಮಾಧಾನವಾದಂತೆ ಕಾಣಲಿಲ್ಲ. ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು ಮೊದಲೂ ಇದ್ದಿರಬೇಕು. ಆದರೆ ಅದು ಹೊಟ್ಟೆಕಿಚ್ಚು ಎಂದು ನನಗೆ ಗೊತ್ತಾದದ್ದು ಅವತ್ತು.

ತರಬೇತಿ ಮುಗಿಸಿ ನಾನು ವಿಜಾಪುರದ ಒಂದು ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಬಬಲೇಶ್ವರದ ಮನೆತನಕ್ಕೆ ನನ್ನನ್ನು ಕೊಟ್ಟರು. ನನ್ನ ಗಂಡ ವಿಜಾಪುರದಲ್ಲೇ ಸೊಲ್ಲಾಪುರ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ನಮ್ಮ ಓಣಿಯಲ್ಲಿ ಸ್ವಂತ ಸಂಪಾದನೆ ಇದ್ದ ಸೊಸೆ ನಾನೊಬ್ಬಳೇ. ಆದರೆ ತವರಿನಲ್ಲಿ ನನ್ನ ಲೆಕ್ಕ ಬೇರೆ ಇತ್ತು. ನಾಗರಪಂಚಮಿಗೆ ಅಕ್ಕನನ್ನು ಕರೆತರಲು ಅಪ್ಪ ಖುದ್ದಾಗಿ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ. ನಾನು ಬಸ್ಸು ಹಿಡಿದು ಒಬ್ಬಳೇ ಬಂದು ಇಳಿಯುತ್ತಿದ್ದೆ. ಅಕ್ಕ ತಂದ ಸೊಲ್ಲಾಪುರದ ಚಾದರವನ್ನು ಅವ್ವ ಬೇಸಿಗೆಯಲ್ಲೂ ಹೊದೆಯುತ್ತಿದ್ದಳು. ನಾನು ಕೊಟ್ಟ ಇಳಕಲ್ ಸೀರೆ ಟ್ರಂಕಿನಿಂದ ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ. ಅಕ್ಕ ನಡುನಡುವೆ ಮರಾಠಿ ಬೆರೆಸಿ ಮಾತಾಡಿದರೆ ಓಣಿಯ ಹೆಂಗಸರು ಬಾಯಿ ತೆರೆದು ಕೇಳುತ್ತಿದ್ದರು. ಅವಳು ಏನು ಹೇಳಿದರೂ ಅವ್ವನ ಕೊನೆಯ ಮಾತು ಒಂದೇ. "ಪಾಪ, ಆ ಕಡೆ ಸಿಕ್ಕೊಂಡ್ಳು."

ಏನು ಪಾಪ? ಎಂದೂ ಬತ್ತದ ಬಾವಿ ಅವಳದು, ಮಾತು ಮೀರದ ಗಂಡ ಅವಳಿಗೆ. ನನ್ನನ್ನು ಯಾರೂ ಪಾಪ ಅನ್ನಲಿಲ್ಲ. ಯಾಕೆಂದರೆ ನನ್ನನ್ನು ಎಲ್ಲಿಂದಲೂ ಬಿಡಿಸಿ ತರಬೇಕಾಗಿರಲಿಲ್ಲ.

ಗಡಿಯ ಜಗಳ ಬಗೆಹರಿಸಲು ದಿಲ್ಲಿಯವರು ಆಯೋಗ ನೇಮಿಸಿದಾಗ ಎಲ್ಲ ಕಡೆಯೂ ಅದೇ ಮಾತು. ಸ್ಟೇಷನ್ ರಸ್ತೆಯ ಚಹಾದ ಅಂಗಡಿಗಳಲ್ಲಿ ಜತ್ತ, ಅಕ್ಕಲಕೋಟ, ಸೊಲ್ಲಾಪುರಗಳನ್ನು ಜನ ಬಶಿಯಲ್ಲಿ ಚಹಾ ಸುರಿದುಕೊಂಡಷ್ಟು ಸಲೀಸಾಗಿ ಈ ಕಡೆಗೆ ಸುರಿದುಕೊಳ್ಳುತ್ತಿದ್ದರು. ನನ್ನ ಗಂಡ ಮಾತ್ರ, "ನನ್ನ ಮಾಲು ಸೊಲ್ಲಾಪುರದಿಂದ ಬರತೈತಿ. ಜಗಳ ಹತ್ತಿ ದಾರಿ ಬಂದ್ ಆಗದಿದ್ರ ಸಾಕು" ಅನ್ನುತ್ತಿದ್ದರು. ಬಬಲೇಶ್ವರದಲ್ಲಿ ನನ್ನ ಮಾವನವರು, "ಇದ್ದ ಹಳ್ಳಿಗೇ ಒಂದು ಛಲೋ ರಸ್ತಾ ಹಾಕಿಲ್ಲ. ಮತ್ತಷ್ಟು ಹಳ್ಳಿ ತಗೊಂಡು ಏನ್ ಮಾಡ್ತಾರಂತ?" ಎಂದು ನಕ್ಕರು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯ ತವರು ಮಿರಜ ಕಡೆ. ಅವರ ಮನೆಮಾತು ಮರಾಠಿ. ಯಾರಾದರೂ ಗಡಿಯ ಸುದ್ದಿ ತೆಗೆದರೆ ಅವರು ಎದ್ದು ಹೋಗಿ ಗಂಟೆ ಬಾರಿಸಲು ಹೇಳುತ್ತಿದ್ದರು.

ಅಪ್ಪನಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಅಕ್ಕನ ಊರಿನ ಹೆಂಗಸರ ಹೆಸರಿನಲ್ಲಿ ಆಯೋಗಕ್ಕೆ ಒಂದು ಮನವಿ ಹೋಗಬೇಕೆಂದು ಅವನ ಹಟ.

"ನಿನ್ನ ಅಕ್ಷರ ದುಂಡಗ ಅದಾವ, ನೀ ಬರಿ" ಅಂದ. ಅವನು ನನ್ನ ಬಗ್ಗೆ ಒಂದು ಒಳ್ಳೆಯ ಮಾತಾಡಿ ಎಷ್ಟೋ ಕಾಲವಾಗಿತ್ತು. ನಾಲ್ಕು ಹಾಳೆ ಬರೆದೆ. ನಮ್ಮ ಮಕ್ಕಳು ತಾಯಿ ಬರೆದ ಕಾಗದ ಓದಲಾರರು, ತವರಿನಿಂದ ಬರುವ ಜೋಳದ ಚೀಲವನ್ನು ಗಡಿಯ ತಪಾಸಣೆ ನಾಕಾದಲ್ಲಿ ಹಿಡಿಯುತ್ತಾರೆ ಎಂದೆಲ್ಲ ಬರೆದೆ. ಸರಕಾರದ ಸಂಬಳ ತಿನ್ನುವ ನಾನು ಇಂಥದರಲ್ಲಿ ಕೈಯಿಡಬಾರದಿತ್ತು, ಅದಕ್ಕೆ ನನ್ನ ಹೆಸರು ಎಲ್ಲೂ ಹಾಕಲಿಲ್ಲ. ಒಂದು ರವಿವಾರ ಆ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಜತ್ತದ ಬಸ್ಸು ಹತ್ತಿದೆ.

ಅಕ್ಕನ ಪಡಸಾಲೆಯಲ್ಲಿ ಹತ್ತಿಪ್ಪತ್ತು ಹೆಂಗಸರು ಕೂಡಿದರು. ನಾನು ಓದಿದೆ. ಕುರಿ ಕಾಯುವ ಮನೆತನದ ಒಬ್ಬ ಮುದುಕಿ, "ನಮ್ಮ ಕುರಿ ನಿಮ್ಮ ಕಡೆ ಹೊಡದ್ರ ನಾಕಾದವ ತಡದು ನಿಲ್ಲಸ್ತಾನ. ಅದು ತಪ್ಪತೈತಿ ಅಂದ್ರ ಹೆಬ್ಬಟ್ಟು ಒತ್ತತೀನಿ" ಅಂದಳು. ಹೊಸದಾಗಿ ಮದುವೆಯಾದ ಒಬ್ಬಳು ಕೇಳಿದಳು. "ನಮ್ಮವರು ಸೊಲ್ಲಾಪುರದ ಮಿಲ್ಲಿನಾಗ ಅದಾರ. ನಮ್ಮ ಊರು ನಿಮ್ಮ ಕಡೆ ಹೋದ್ರ ಅವರ ಕೆಲಸ ಉಳಿತೈತೇನ್ರಿ?" ನನಗೆ ಗೊತ್ತಿರಲಿಲ್ಲ. ಉಳಿಯುತ್ತದೆ ಎಂದೆ. ಅವಳು ನನ್ನ ಮುಖ ನೋಡಿ ಎದ್ದು ಹೋದಳು.

ಅಷ್ಟರಲ್ಲಿ ಅಕ್ಕನ ಗಂಡ ಹೊಲದಿಂದ ಬಂದ. ಅವನು ಊರಿನ ಸಹಕಾರಿ ಸೊಸೈಟಿಯ ಚೇರ್ಮನ್ ಆಗುವ ಸರದಿಯಲ್ಲಿದ್ದ. ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತು ಸಾವಧಾನವಾಗಿ ಹೇಳಿದ.

"ಮಾವಾರಿಗೆ ಹೇಳ್ರಿ. ನಾವು ಕನ್ನಡದವರಲ್ಲ ಅಂತ ಇಲ್ಲಿ ಯಾರೂ ಅಂದಿಲ್ಲ. ಆದ್ರ ಈ ಊರಾಗ ನಾಕು ಮಂದಿ ನನ್ನ ಮಾತು ಕೇಳ್ತಾರ. ಅಲ್ಲಿಗೆ ಬಂದ್ರ ನಾ ಯಾರು? ಮತ್ತ ಮೊದಲಿಂದ ಸುರು ಮಾಡಬೇಕು."

ಹನ್ನೊಂದು ಹೆಬ್ಬೆಟ್ಟುಗಳಾದವು. ಎಲ್ಲರೂ ಹೋದ ಮೇಲೆ ಹಾಳೆಯನ್ನು ಅಕ್ಕನ ಮುಂದೆ ಹಿಡಿದೆ. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ನಾ ಮಾಡಂಗಿಲ್ಲ, ತಂಗಿ" ಅಂದಳು, ಕೈ ನಿಲ್ಲಿಸದೆ.

"ಅಪ್ಪ ನಿನ್ನ ಸಲುವಾಗೇ ಇಷ್ಟೆಲ್ಲಾ ಮಾಡಾಕತ್ತಾನ."

"ಗೊತ್ತೈತಿ. ಇಲ್ಲಿ ಇವರು ಹಿಂಗ ಅಂತಾರ, ಅಲ್ಲಿ ಅಪ್ಪ ಹಂಗ ಅಂತಾನ. ನಾ ಸುಮ್ಮನಿದ್ರ ಇಬ್ಬರೂ ನನ್ನವರು. ಒಂದು ಕಡೆ ಬರದು ಕೊಟ್ರ ಇನ್ನೊಬ್ಬರಿಗೆ ಏನಂತ ಮುಖ ತೋರಸ್ಲಿ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಮೈಯೆಲ್ಲ ಉರಿಯಿತು. ಸುಮ್ಮನಿದ್ದೇ ಇಬ್ಬರನ್ನೂ ಉಳಿಸಿಕೊಳ್ಳುವ ಭಾಗ್ಯ ಅವಳದು. ನಾಲ್ಕು ಹಾಳೆ ಬರೆದು, ಬಸ್ಸಿನಲ್ಲಿ ಧೂಳು ತಿಂದು ಬಂದ ನನಗೆ ಒಬ್ಬನಾದರೂ ಪೂರ್ತಿ ದಕ್ಕಿರಲಿಲ್ಲ.

ಮರುದಿನ ಶಾಲೆಯಿಂದ ಬಂದು, ಮನೆಯಲ್ಲಿ ಯಾರೂ ಇಲ್ಲದಾಗ, ಮನವಿಯ ಕೊನೆಯ ಹಾಳೆಯಲ್ಲಿ ಹನ್ನೊಂದು ಹೆಬ್ಬೆಟ್ಟುಗಳ ಕೆಳಗೆ ಅಕ್ಕನ ಹೆಸರಿನ ಸಹಿ ಹಾಕಿದೆ. ಅಪ್ಪನಿಗೆ ಸಂತೋಷವಾಗಲಿ ಎಂದು ಹಾಕಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಈ ಸಹಿ ಅವಳ ಗಂಡನ ಕಣ್ಣಿಗೆ ಬಿದ್ದರೆ ಆ ಮನೆಯಲ್ಲಿ ಏನಾಗುತ್ತದೆ ಎಂಬುದು ಪೆನ್ನು ಎತ್ತುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಎತ್ತಿದೆ.

ಶನಿವಾರ ತಿಕೋಟಾಕ್ಕೆ ಹೋಗಿ ಹಾಳೆಗಳನ್ನು ಕೊಟ್ಟೆ. ಅಪ್ಪ ಮೊದಲಿನ ಮೂರು ಹಾಳೆಗಳನ್ನು ತಿರುವಿ, ಕೊನೆಯದನ್ನು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಂಗಡಿಗೆ ಬಂದವರಿಗೆಲ್ಲ ಅದನ್ನೇ ತೋರಿಸಿದ. "ಗಂಡನ ಮನಿಯಾಗ ಇದ್ಕೊಂಡು ಸಹಿ ಹಾಕ್ಯಾಳ ನೋಡ್ರಿ. ನನ್ನ ಮಗಳು ಎಂಥಾ ಗಟ್ಟಿ ಎದಿಯಾಕಿ." ನಾನು ಎಣ್ಣೆ ಡಬ್ಬಿಗಳ ಪಕ್ಕದಲ್ಲಿ ನಿಂತಿದ್ದೆ. ಬರೆದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಅವಳನ್ನು ಕೆಳಗಿಳಿಸಲು ಹೋಗಿ ಇನ್ನೊಂದು ಮೆಟ್ಟಿಲು ಮೇಲೇರಿಸಿದ್ದೆ.

ಮನವಿಯ ಫೋಟೋ ತೆಗೆದ ನಕಲು, ಸಹಿಯ ಸಮೇತ, ಹೇಗೋ ಅಕ್ಕನ ಊರಿಗೆ ಮುಟ್ಟಿತು. ಅವಳ ಗಂಡನಿಗೆ ಆಗದವನೊಬ್ಬ ಅದನ್ನು ಚಾವಡಿಯಲ್ಲಿ ಗಟ್ಟಿಯಾಗಿ ಓದಿದ. ಹೆಂಡತಿಯನ್ನೇ ಹಿಡಿತದಲ್ಲಿಟ್ಟುಕೊಳ್ಳದವನು ಸೊಸೈಟಿಯನ್ನೇನು ನಡೆಸುತ್ತಾನೆ ಎಂದು ನಕ್ಕರಂತೆ. ಚೇರ್ಮನ್ ಕುರ್ಚಿ ಬೇರೆಯವನಿಗೆ ಹೋಯಿತು. ಆ ವರ್ಷ ಪಂಚಮಿಗೆ ಅಪ್ಪ ಹೂಡಿಕೊಂಡು ಹೋದ ಚಕ್ಕಡಿ ಖಾಲಿ ಬಂತು.

ಆ ಪಂಚಮಿಗೆ ತವರಿನಲ್ಲಿ ನಾನೊಬ್ಬಳೇ ಮಗಳು. ಅವ್ವ ಮಾಡಿದ ಉಂಡಿಗಳಲ್ಲಿ ಮೊದಲನೆಯದು ನನ್ನ ಕೈಗೆ ಬಂತು, ಜೋಕಾಲಿಯನ್ನು ಅಪ್ಪ ನನಗಾಗಿಯೇ ತೂಗಿದ. ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು. ಎರಡು ದಿನ ಖುಷಿಯಾಗಿಯೇ ಇದ್ದೆ. ಮೂರನೆಯ ದಿನ ಅವ್ವ ನನ್ನ ತಲೆ ಬಾಚುತ್ತ ಅಕ್ಕನ ಹೆಸರಿನಿಂದ ನನ್ನನ್ನು ಕರೆದಳು. ಅವಳಿಗೆ ಅದು ಗೊತ್ತೂ ಆಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ವಿಜಾಪುರಕ್ಕೆ ಬಂದುಬಿಟ್ಟೆ.

ಆಮೇಲೆ ಸ್ವಲ್ಪ ದಿನಕ್ಕೆ ಆಯೋಗದ ವರದಿ ಬಂತು. ಮೈಸೂರಿಗೆ ಬರಬೇಕಾದ ಹಳ್ಳಿಗಳ ಪಟ್ಟಿಯಲ್ಲಿ ಅಕ್ಕನ ಊರೂ ಇದೆ ಎಂದು ಅಪ್ಪನಿಗೆ ಯಾರೋ ಹೇಳಿದರು. ಅವನು ಸಕ್ಕರೆ ಹಂಚಿದ. ಆ ಕಡೆಯವರು ವರದಿಯನ್ನು ಒಪ್ಪುವುದಿಲ್ಲ ಅಂದರು. ವರ್ಷ ಕಳೆಯಿತು, ಯಾವ ಊರೂ ಎಲ್ಲಿಗೂ ಬರಲಿಲ್ಲ, ಹೋಗಲಿಲ್ಲ. ಇನ್ನೊಂದು ಪಂಚಮಿಗೂ ಅಕ್ಕ ಬರಲಿಲ್ಲ.

ಆ ಚಳಿಗಾಲದಲ್ಲಿ ಅವ್ವನಿಗೆ ಉಬ್ಬಸ ಹೆಚ್ಚಾಗಿ ವಿಜಾಪುರದ ದವಾಖಾನೆಗೆ ಸೇರಿಸಿದೆವು. ಮೂರನೆಯ ದಿನ ಬೆಳಿಗ್ಗೆ ಅಕ್ಕ ಬಂದಳು. ಗಂಡನೇ ಕರೆತಂದು ಬಾಗಿಲಲ್ಲಿ ಬಿಟ್ಟು ಹೋದ. ಅವ್ವ ಅವಳನ್ನು ನೋಡಿ ಎದ್ದು ಕೂತಳು. ಮೂರು ದಿನ ಗಂಜಿ ಕುಡಿಸಿದ ನನಗೆ ಅವ್ವ ಅಷ್ಟು ಬೇಗ ಎದ್ದು ಕೂತದ್ದನ್ನು ಸಹಿಸಲಾಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಪಕ್ಕದಲ್ಲಿ ಕೂತಳು.

"ಸಹಿ ಮಾಡಿದ ಮ್ಯಾಲ ಕೆಳಗೊಂದು ಗೀಟು ಎಳದು ಎರಡು ಚುಕ್ಕಿ ಇಡ್ತಿ ನೋಡು ನೀನು. ನನ್ನ ಹೆಸರಿನ ಕೆಳಗೂ ಇಟ್ಟಿದ್ದಿ" ಅಂದಳು.

ಹಾಗೆ ಇಟ್ಟದ್ದು ನನ್ನ ಗಮನಕ್ಕೇ ಬಂದಿರಲಿಲ್ಲ.

"ಯಾವಾಗ ಗೊತ್ತಾತು?"

"ಆ ಕಾಗದ ಇವರು ನನ್ನ ಮುಂದ ಒಗದ್ರಲ್ಲ, ಅವತ್ತ."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ನಿನ್ನ ನೌಕರಿ ಹೋಗ್ತಿತ್ತು. ನಾನ ಮಾಡೀನಿ ಅಂದೆ. ನನ್ನದೇನು ಹೋತು, ಎರಡು ಪಂಚಮಿ ಹೋದ್ವು."

"ಯಾಕ ಮಾಡಿದಿ ಅಂತ ನನಗರ ಕೇಳಬೇಕಿತ್ತು, ಯಕ್ಕಾ."

"ಕೇಳಿದ್ರ ಅಪ್ಪನ ಸಲುವಾಗಿ ಅಂತಿದ್ದಿ. ಆ ಸುಳ್ಳು ಕೇಳೂದು ಬ್ಯಾಡಾಗಿತ್ತು ನನಗ."

ಇಷ್ಟು ಹೇಳಿ ಅವಳು ಒಳಗೆ ಹೋಗಿ ಅವ್ವನ ಕಾಲು ಒತ್ತುತ್ತ ಕೂತಳು. ಅವಳು ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ದೊಡ್ಡತನದಲ್ಲೂ ಅವಳೇ ಮುಂದೆ ನಿಂತಳಲ್ಲ ಎಂಬ ಸಂಕಟ ತಪ್ಪು ಮಾಡಿದ ಸಂಕಟಕ್ಕಿಂತ ಹೆಚ್ಚಾಗಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅವ್ವ ಗುಣವಾಗಿ ತಿಕೋಟಾಕ್ಕೆ ಮರಳಿದಳು. ನಾನು ನಡೆದದ್ದನ್ನೆಲ್ಲ ನನ್ನ ಗಂಡನಿಗೆ ಹೇಳಿದೆ. ಅವರು, "ನಿಮ್ಮಪ್ಪಗ ಹೇಳಬ್ಯಾಡ. ಊರಂತೂ ಬರಲಿಲ್ಲ, ಆ ಸಹಿಯರ ಅವರ ಹತ್ರ ಇರಲಿ. ಆದ್ರ ಆಕಿ ಗಂಡಗ ಹೇಳು. ಅಂವ ಎರಡು ವರ್ಷದಿಂದ ಹೆಂಡತಿ ಮ್ಯಾಲ ಸಿಟ್ಟು ಹೊತ್ಕೊಂಡು ತಿರಗಾಕತ್ತಾನ" ಅಂದರು.

ಮುಂದಿನ ರವಿವಾರ ಮತ್ತೆ ಜತ್ತದ ಬಸ್ಸು ಹತ್ತಿದೆ. ಅಕ್ಕನ ಗಂಡ ಅದೇ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಿತ್ತು. ನಾನು ನಿಂತೇ ಹೇಳಿದೆ. "ಮಾವಾರ, ಆ ಸಹಿ ಅಕ್ಕ ಹಾಕಿದ್ದಲ್ಲ. ನಾ ಹಾಕಿದ್ದು. ಆಕಿ ಒಲ್ಲೆ ಅಂದಿದ್ಲು."

ಹಗ್ಗ ಅವನ ಕೈಯಲ್ಲಿ ಹಾಗೇ ನಿಂತಿತು. ನನ್ನನ್ನು ಬೈಯಲು ಅವನಿಗೆ ಎಲ್ಲ ಹಕ್ಕೂ ಇತ್ತು.

"ಆಕಿ ಒಲ್ಲೆ ಅಂದಿದ್ಲು?"

"ಹೂಂರಿ. ನೀವು ಮತ್ತ ಅಪ್ಪ ಇಬ್ಬರೂ ಬೇಕು ಅಂದ್ಲು."

"ಮತ್ತ ಎರಡು ವರ್ಷ ನನ್ನ ಬೈಗಳ ತಿಂದ್ಲು?"

ನಾನು ಹೌದೆಂದು ತಲೆಯಾಡಿಸಿದೆ. ನಾನು ಅಲ್ಲಿದ್ದೇನೆಂಬುದೇ ಅವನಿಗೆ ಮರೆತುಹೋಗಿತ್ತು. ಹಗ್ಗವನ್ನು ಬದಿಗಿಟ್ಟು ಎದ್ದು, ಹಿತ್ತಲ ಬಾಗಿಲಿನವರೆಗೆ ಹೋಗಿ ಚೌಕಟ್ಟು ಹಿಡಿದು ನಿಂತುಬಿಟ್ಟ. ಅಕ್ಕ ಬೆನ್ನು ಮಾಡಿ ಒಗೆಯುತ್ತಿದ್ದಳು, ಇವನು ನಿಂತದ್ದು ಅವಳಿಗೆ ಕಾಣಲಿಲ್ಲ. ಅವನು ಅವಳನ್ನು ನೋಡುತ್ತಿದ್ದ ರೀತಿ ನನಗೆ ಮಾತ್ರ ಕಂಡಿತು. ನನ್ನ ಗಂಡ ಒಳ್ಳೆಯವರು, ಮೂವತ್ತು ವರ್ಷ ನನ್ನೊಡನೆ ಚೆನ್ನಾಗಿ ಬಾಳಿದರು. ಹಾಗೆ ಅವರು ನನ್ನನ್ನು ಎಂದೂ ನೋಡಿದ್ದು ನೆನಪಿಲ್ಲ.

ಅವತ್ತು ಸಂಜೆ ಗಂಡಹೆಂಡತಿ ಇಬ್ಬರೂ ಬಸ್ಸಿನವರೆಗೆ ಬಂದು ನನ್ನನ್ನು ಹತ್ತಿಸಿದರು. ಅಕ್ಕ ಕಿಟಕಿಯ ಹತ್ತಿರ ಬಂದು ಮಡಿಲಿಗೆ ಹಸಿ ಕಡಲೆಯ ಕಟ್ಟು ಹಾಕಿ, "ಈ ಸಲ ಪಂಚಮಿಗೆ ಬರ್ತೀನಂತ ಅವ್ವಗ ಹೇಳು" ಅಂದಳು. ಹೇಳುತ್ತೇನೆ ಎಂದೆ. ಬಸ್ಸು ಹೊರಟಾಗ ಅವರು ಕೈಯೆತ್ತಿದರು. ಅವರಿಬ್ಬರೂ ಜೊತೆಗೆ ನಿಂತದ್ದನ್ನು ನೋಡಲಾಗದೆ ನಾನು ಆಚೆಯ ಬದಿಯ ಸೀಟಿಗೆ ಸರಿದು ಕೂತು, ಜತ್ತದ ಹೊಲಗಳು ಯಾವಾಗ ಮುಗಿದು ನಮ್ಮ ಹೊಲಗಳು ಯಾವಾಗ ಸುರುವಾದವೆಂದು ತಿಳಿಯದೆ, ತಿಕೋಟಾ ಬರುವವರೆಗೆ ಕಡಲೆ ಸುಲಿದು ತಿನ್ನುತ್ತಿದ್ದೆ.