ಅಮ್ಮನ ಕ್ಲಿಪ್ಪುಗಳು, ಅಣ್ಣನ ಕ್ಲೀನಿಂಗು

ಸಾನಪಾಡಾದ ಆ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬೇಕಾಗಿದ್ದದ್ದು ನನಗೆ. ಸೇಲ್ಸ್‌ಮನ್ ಮಾತಾಡುತ್ತಿದ್ದದ್ದು ಮಾತ್ರ ಪಕ್ಕದಲ್ಲಿ ನಿಂತಿದ್ದ ನನ್ನ ಅಣ್ಣನ ಹತ್ತಿರ. "ಮ್ಯಾಡಮ್ ಕೋ ಬಸ್ ಯೂಟ್ಯೂಬ್ ದೇಖನಾ ಹೈ ನಾ, ಸರ್?" ಅಣ್ಣ ಹೌದೆಂದು ತಲೆಯಾಡಿಸಿಬಿಟ್ಟ! ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿ ಟ್ರೇನ್ ಬದಲಾಯಿಸಿ, ಅಷ್ಟು ದೂರ ಹೋದದ್ದು ಯೂಟ್ಯೂಬ್ ನೋಡಲಿಕ್ಕಾ?

ನನಗೆ ವಿಡಿಯೊ ಎಡಿಟ್ ಮಾಡಬೇಕಿತ್ತು. ಠಾಣೆಯ ನಮ್ಮ ಹೋಟೆಲಿಗೆ ಅಣ್ಣ ಖಾರಘರದಲ್ಲಿ ಎರಡನೇ ಶಾಖೆ ತೆರೆಯುವವನಿದ್ದ. ಉದ್ಘಾಟನೆಗೆ ಹೋಟೆಲಿನ ಕಥೆಯನ್ನು ಅಮ್ಮನ ಬಾಯಲ್ಲೇ ಹೇಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನ್ನ ಜೊತೆಗಿರುವ ಅಮ್ಮನಿಗೆ ಎಂಬತ್ತೆರಡು. ಅವಳಿಗೆ ಮರೆವು ಶುರುವಾಗಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಅವಳಿಗೆ ನೆನಪಿರುವಾಗಲೇ ಎಲ್ಲವನ್ನೂ ಹಿಡಿದಿಡಬೇಕೆಂಬ ಅವಸರ ನನಗೆ.

"ರ್‍ಯಾಮ್ ಹದಿನಾರಾದರೂ ಬೇಕು. ಸ್ಕ್ರೀನಿನ ಬಣ್ಣ ಸರಿ ಇರಬೇಕು. ಸ್ಟೋರೇಜ್ ಬೋರ್ಡಿಗೇ ಬೆಸುಗೆ ಹಾಕಿದ್ದಾ, ಮುಂದೆ ಬಿಚ್ಚಿ ದೊಡ್ಡದು ಹಾಕಬಹುದಾ?" ಎಂದು ನಾನೇ ಹಿಂದಿಯಲ್ಲಿ ಕೇಳಿದೆ. ಆ ಮಹಾರಾಯ ಉತ್ತರವನ್ನೂ ಅಣ್ಣನಿಗೇ ಕೊಟ್ಟ. ನಾನು ಪಟ್ಟು ಬಿಡಲಿಲ್ಲ. ಅಡಿಯ ಮುಚ್ಚಳ ತೆಗೆಸಿ, ಒಳಗಿನ ಡಿಸ್ಕ್ ಬಿಚ್ಚಲು ಬರುತ್ತದೆಂದು ಕಣ್ಣಾರೆ ನೋಡಿದ ಮೇಲೆಯೇ ಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಹೇಳುತ್ತಿದ್ದಳು, ನಾನು ಫೋನಿನಲ್ಲಿ ಹಿಡಿಯುತ್ತಿದ್ದೆ. ಫೋನು ತುಂಬಿದಾಗಲೆಲ್ಲ ಕ್ಲಿಪ್ಪುಗಳನ್ನು ಲ್ಯಾಪ್‌ಟಾಪಿಗೆ ಸಾಗಿಸಿ ಫೋನಿನಿಂದ ಅಳಿಸುತ್ತಿದ್ದೆ. ಹೆಚ್ಚಿನ ದಿನ ಒಂದೇ ಮಾತು: "ನಿಮ್ಮಪ್ಪ ಶುರು ಮಾಡಿದ್ರು, ನಾನು ಸ್ವಲ್ಪ ಕೈ ಜೋಡಿಸಿದೆ." ಒಂದು ದಿನ ಮಾತ್ರ ಬೀನ್ಸ್ ನಾರು ತೆಗೆಯುತ್ತ ಇದ್ದಕ್ಕಿದ್ದಂತೆ ಶುರು ಮಾಡಿದಳು: "ಅವರೆಲ್ಲಿ ಮಾರಾಯ್ತಿ! ಚಾಳಿನ ಬಾಡಿಗೆ ಕೋಣೆಯಲ್ಲಿ ನಾಲ್ಕು ಬ್ಯಾಚುಲರ್‌ಗಳಿಗೆ ಇಡ್ಲಿ ಮಾಡಿ ಹಾಕಿದ್ದು ನಾನು. ಮರ್ಯಾದೆ ಹೋಯ್ತು ಅಂತ ಎಂಟು ದಿನ ನನ್ನ ಹತ್ರ ಮಾತು ಬಿಟ್ಟಿದ್ರು. ಗಿರಾಕಿ ಹೆಚ್ಚಾದ ಮೇಲೆ ಆಫೀಸು ಬಿಟ್ಟು ಬಂದು ಗಲ್ಲಾಪೆಟ್ಟಿಗೆ ಮುಂದೆ ಕೂತ್ರು." ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಹೋಟೆಲಿನ ಗೋಡೆಯಲ್ಲಿ ಹಾರ ಹಾಕಿದ ಅಪ್ಪನ ಫೋಟೋ ಇದೆ, ಕೆಳಗೆ 'ಸಂಸ್ಥಾಪಕರು' ಎಂದು ಬರೆಸಿದೆ. ಅಮ್ಮನದು ಒಂದು ಚಿತ್ರವೂ ಅಲ್ಲಿಲ್ಲ.

ನಾಲ್ಕು ತಿಂಗಳಲ್ಲಿ ಡಿಸ್ಕ್ ತುಂಬಿತು. ದೊಡ್ಡದು ಹಾಕಿಸಬೇಕೆಂದೆ. "ಮಹಾಪೆಯಲ್ಲಿ ನಮ್ಮವರೇ ಒಬ್ರು ಇದ್ದಾರೆ. ಹಳೇದೆಲ್ಲ ಹೊಸದಕ್ಕೆ ಹಾಕಿ ಕೊಡ್ತಾರೆ. ನೀನ್ಯಾಕೆ ಬರ್ತಿ?" ಎಂದ ಅಣ್ಣ. ಅಮ್ಮನೊಬ್ಬಳನ್ನೇ ಬಿಟ್ಟು ಹೋಗುವಂತಿರಲಿಲ್ಲ, ಕೊಟ್ಟು ಕಳಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಸಂಜೆ ಎರಡು ಟಿಬಿಯ ಹೊಸ ಡಿಸ್ಕ್ ಹಾಕಿಸಿಕೊಂಡು ಲ್ಯಾಪ್‌ಟಾಪ್ ಬಂತು. ಅಮ್ಮನ ಫೋಲ್ಡರಿನಲ್ಲಿ ಒಂದೇ ಒಂದು ಕ್ಲಿಪ್.

"ಉಳಿದದ್ದೆಲ್ಲಿ?"

"ಒಂದೇ ಕಥೆ ನಲವತ್ತು ಸಲ ಎಂತಕ್ಕೆ? ಸರಿಯಾದ್ದು ಒಂದು ಇಟ್ಟೆ. ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿ ಅಲ್ಲೇ ಕೊಟ್ಟಾಯ್ತು."

"ಇಡ್ಲಿಯದ್ದು?"

"ಅಮ್ಮನಿಗೆ ತಲೆ ಕಲಸಿಹೋಗಿದೆ. ಅಂಥದ್ದನ್ನೆಲ್ಲ ನಾಲ್ಕು ಜನರೆದುರು ತೋರಿಸ್ಲಿಕ್ಕುಂಟಾ?"

ಅಂದರೆ ನೋಡಿದ್ದ! ನೋಡಿಯೇ ತೆಗೆದಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ಟಿಬಿ ಜಾಗವಿದೆ, ಹೆತ್ತವಳ ಹತ್ತು ನಿಮಿಷಕ್ಕೆ ಅದರಲ್ಲಿ ಜಾಗವಿಲ್ಲ! ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಶಾಂತವಾಗಿ ಕಾಫಿ ಕುಡಿದ. "ಅವಳನ್ನೇ ಕೇಳು ಬೇಕಾದ್ರೆ" ಎಂದ.

ಅವನೆದುರೇ ಫೋನು ಹಿಡಿದು ಕೇಳಿದೆ. "ಅಮ್ಮಾ, ಹೋಟೆಲು ಶುರು ಮಾಡಿದ್ದು ಯಾರು?"

"ನಿಮ್ಮಪ್ಪ."

"ಚಾಳಿನಲ್ಲಿ ನೀನು ಇಡ್ಲಿ ಮಾಡಿದ್ದು?"

"ಎಂತ ಇಡ್ಲಿಯೋ. ನಂಗೆ ನೆನಪಿಲ್ಲ."

ಅಣ್ಣ ಕಾಫಿ ಲೋಟ ಕೆಳಗಿಟ್ಟ. ಚಪ್ಪಲಿ ಮೆಟ್ಟಿಕೊಂಡು ಹೊರಟ. ನನಗೆ ಅಳು ಬಂತು. ಅವಳ ತಲೆಯಲ್ಲೂ ಅಳಿಸಿಹೋಯಿತಲ್ಲ ಎಂಬ ಸಿಟ್ಟಿಗೆ ಬಂದ ಅಳು ಅದು. ಫೋನು ಕೆಳಗಿಟ್ಟೆ. ಹೊರಗೆ ಲಿಫ್ಟಿನ ಬಾಗಿಲು ಎಳೆದ ಸದ್ದಾಯಿತು.

ಅಮ್ಮ ಕತ್ತು ಚಾಚಿ ಬಾಗಿಲ ಕಡೆ ನೋಡಿದಳು.

"ಹೋದನಾ?"

"ಹೋದ."

"ಹಾಗಾದ್ರೆ ಈಗ ಆನ್ ಮಾಡು."