ಬರೆದುಕೊಡದ ದಾರಿ

ಕೂತಲ್ಲಿ ಕೂರುವ ಜಾತಿ ನನ್ನದಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬೆಂಚು ಖಾಲಿ ಇದ್ದರೂ ಈ ಕಂಬದಿಂದ ಆ ಕಂಬಕ್ಕೆ ನಡೆಯುತ್ತಲೇ ಇರುತ್ತೇನೆ. ಬೋರ್ಡಿನ ಮುಂದೆ ಲೆಕ್ಕ ಬಿಡಿಸುವಾಗ ಮಕ್ಕಳು ನನ್ನ ಕೈ ನೋಡುವ ಬದಲು ಕಾಲು ನೋಡುತ್ತಾರೆ. ಕೋಪವೂ ಹಾಗೆಯೇ, ಮೂಗಿನ ತುದಿಯಲ್ಲೇ ಕಾಯುತ್ತಿರುತ್ತದೆ. ಈ ಎರಡು ಗುಣ ಸೇರಿಕೊಂಡು, ಒಂದು ಮನೆಯ ನಕ್ಷೆಗಾಗಿ, ನನ್ನ ಒಡಹುಟ್ಟಿದವನಿಗೆ ನನ್ನಿಂದ ಆಡಬಾರದ ಮಾತು ಆಡಿಸಿದವು.

ಆಂಡಿಪಟ್ಟಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮದುವೆಯಾಗಲಿಲ್ಲ. ಆಗಲಿಲ್ಲ ಎಂಬುದಕ್ಕೆ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ದಿಂಡಿಗಲ್‌ನಲ್ಲಿ ಎರಡು, ತೇನಿಯಲ್ಲಿ ಮೂರು, ಆಂಡಿಪಟ್ಟಿಯಲ್ಲಿ ಎರಡು, ಹೀಗೆ ಏಳು ಬಾಡಿಗೆ ಮನೆಗಳಲ್ಲಿ ಇದ್ದೇನೆ. ಏಳು ಮನೆಯ ಯಜಮಾನರೂ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ: “ನೀವೊಬ್ಬರೇನಾ?” ಒಬ್ಬಳೇ ಎಂದರೆ ಅನುಮಾನ. ಅಣ್ಣ ಬಂದು ಹೋಗುತ್ತಾನೆ ಎಂದರೆ ಅದಕ್ಕೂ ಅನುಮಾನ. ಕಳೆದ ವರ್ಷ ಮಳೆಗಾಲ ಶುರುವಾಗುವ ಮೊದಲು ಏಳನೆಯ ಮನೆಯವರು ಬಹಳ ಮರ್ಯಾದೆಯಿಂದ, “ಪೊಂಗಲ್‌ವರೆಗೆ ಇರಿ ಟೀಚರ್, ಆಮೇಲೆ ಮನೆ ನಮಗೇ ಬೇಕು” ಎಂದರು. ಎಂಟನೆಯ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆಗೆ ಉತ್ತರ ಕೊಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ನಲವತ್ತೊಂಬತ್ತಕ್ಕೆ ನನ್ನದೇ ಒಂದು ಬಾಗಿಲು ಬೇಕಿತ್ತು, ಯಾರೂ ಖಾಲಿ ಮಾಡಿ ಅನ್ನಲಾಗದ ಬಾಗಿಲು.

ಜಾಗವಿತ್ತು. ನಮ್ಮೂರು ಕಂಬಂ ಕಣಿವೆಯಲ್ಲಿದೆ, ದ್ರಾಕ್ಷಿ ತೋಟಗಳ ನಡುವೆ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆನಿಂತ ಕನ್ನಡದ ಒಕ್ಕಲು ನಾವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದೇ ಮೂವತ್ತು ದಾಟಿದ ಮೇಲೆ, ಹಟಕ್ಕೆ ಬಿದ್ದು. ಅಪ್ಪ ಹೋಗುವ ಮುಂಚೆ ತೋಟವನ್ನು ಅಣ್ಣನಿಗೂ, ಅದರ ಹಿಂದಿನ ಐದು ಸೆಂಟು ನೆಲವನ್ನು ನನಗೂ ಬರೆದಿಟ್ಟಿದ್ದರು. ಆವತ್ತು ಅಣ್ಣ ಸರಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವನ ಆ ಮೌನವನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಂಡು ಬಂದಿದ್ದೆ.

ಕಂಬಂನಲ್ಲಿ ನಕ್ಷೆ ಬರೆದುಕೊಡುವ ಎಂಜಿನಿಯರ್ ಒಬ್ಬರನ್ನು ಹಿಡಿದೆ. ಚಿಕ್ಕ ವಯಸ್ಸಿನವರು, ಬಹಳ ಸಮಾಧಾನದ ಮನುಷ್ಯ. ಅಷ್ಟು ಸಮಾಧಾನ ಕಂಡರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಎರಡು ಕೋಣೆ, ಒಂದು ಅಡುಗೆಮನೆ, ಮೂಡಲಿಗೆ ಬಾಗಿಲು ಎಂದೆ. ಅವರು ಸರ್ವೆ ನಕ್ಷೆಯನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, ತಮಿಳಿನಲ್ಲಿ ಕೇಳಿದರು.

“ಟೀಚರ್, ರಸ್ತೆಯಿಂದ ನಿಮ್ಮ ಜಾಗಕ್ಕೆ ಹೋಗೋ ದಾರಿ ಎಲ್ಲಿದೆ?”

ನನಗೆ ನಗು ಬಂತು. ಹುಟ್ಟಿದಾಗಿನಿಂದ ನಡೆದ ದಾರಿಯನ್ನು ಎಲ್ಲಿದೆ ಎಂದು ಕೇಳುತ್ತಿದ್ದಾರಲ್ಲ! ಆದರೆ ನಕ್ಷೆಯಲ್ಲಿ ನಿಜವಾಗಿಯೂ ದಾರಿ ಇರಲಿಲ್ಲ. ರಸ್ತೆ, ಅದಕ್ಕೆ ತಾಗಿ ಅಣ್ಣನ ತೋಟ, ಅದರ ಹಿಂದೆ ನನ್ನ ನೆಲ. ಮೂಡಲ ಅಂಚಿನಲ್ಲಿ ಎರಡರ ಉದ್ದಕ್ಕೂ ಹಾದುಹೋಗುವ, ನಾವು ಪಾದೆ ಅನ್ನುವ ಎಂಟು ಅಡಿಯ ದಾರಿಯ ಗುರುತೇ ಇಲ್ಲ. ಕಾಗದದ ಪ್ರಕಾರ ಆ ಎಂಟು ಅಡಿಯೂ ತೋಟವೇ.

ಅದು ದೇವರ ಆವುಗಳ ಪಾದೆ. ನಮ್ಮವರ ದೇವರಿಗೆ ಬಿಟ್ಟ ದನಗಳ ಹಿಂಡೊಂದಿದೆ. ಅವಕ್ಕೆ ಮೂಗುದಾರವಿಲ್ಲ, ಅವುಗಳ ಹಾಲನ್ನು ಯಾರೂ ಕರೆಯುವುದಿಲ್ಲ, ಅದೆಲ್ಲ ಕರುವಿಗೇ. ಮೇಯಲು ಹೋಗುವಾಗ, ತೊಳುವಿಗೆ, ಅಂದರೆ ದೊಡ್ಡಿಗೆ, ಮರಳುವಾಗ ಅವು ನಡೆಯುವುದು ಅಲ್ಲೇ. ಉದ್ದಕ್ಕೂ ಯಾರ ಯಾರ ಹೊಲ ಬರುತ್ತದೋ ಅವರೆಲ್ಲ ತಮ್ಮ ಅಂಚನ್ನು ಬಿಟ್ಟಿದ್ದಾರೆ. ಬಿಟ್ಟಿದ್ದೇವೆ ಎಂದು ಬಾಯಿಬಿಟ್ಟು ಹೇಳುವವರೂ ಇಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ ಒಂದು ಕರು ನಮ್ಮ ತೋಟದ ಪಕ್ಕ ಪಾದೆಯ ನಡುವೆ ಮಲಗಿಬಿಟ್ಟಿತು. ಬಳ್ಳಿಗೆ ಔಷಧಿ ಹೊಡೆಯುತ್ತಿದ್ದ ಅಪ್ಪ ಪಂಪು ನಿಲ್ಲಿಸಿ, ಅದು ತಾನಾಗಿ ಏಳುವ ತನಕ ಬದುವಿನ ಮೇಲೆ ಕೂತಿದ್ದರು. ನಾನು ಓಡಿಸುತ್ತೇನೆಂದು ಹೋದರೆ ಕಣ್ಣಲ್ಲೇ ಗದರಿದರು. ಅರ್ಧ ದಿನದ ಕೆಲಸ ಹೋಯಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ಎಂಜಿನಿಯರರ ಕೈಯಿಂದ ಪೆನ್ನು ಕಿತ್ತುಕೊಂಡು, ಸ್ಕೇಲ್ ಇಟ್ಟು ಎರಡು ಗೆರೆ ಎಳೆದು, ಶಾಲೆಯ ದುಂಡು ಅಕ್ಷರದಲ್ಲಿ ‘ದೇವರ ದನಗಳ ಪಾದೆ, ಎಂಟು ಅಡಿ’ ಎಂದು ತಮಿಳಿನಲ್ಲಿ ಬರೆದೆ. ದಾರಿ ತೋರಿಸಿದ್ದಾಯಿತಲ್ಲ, ಇನ್ನೇನು ಎಂದುಕೊಂಡೆ. ಇದನ್ನು ಹೀಗೇ ಕಳಿಸಬೇಕಾ ಎಂದು ಅವರು ಎರಡು ಸಲ ಕೇಳಿದರು. ಕಳಿಸಿ ಎಂದು ಎರಡು ಸಲವೂ ಹೇಳಿದೆ.

ಹದಿನೈದು ದಿನದ ಮೇಲೆ ಮನೆ ಕಟ್ಟಲು ಅನುಮತಿ ಕೊಡುವ ಕಚೇರಿಗೆ ಬರಹೇಳಿದರು. ಅಲ್ಲಿನ ಅಧಿಕಾರಿ ನನ್ನಷ್ಟೇ ವಯಸ್ಸಿನ ಹೆಂಗಸು, ಮಾತು ನೇರ. ಅವರದೇನೂ ತಪ್ಪಿರಲಿಲ್ಲ.

“ದಾರಿ ಅಂತ ನೀವೇ ಬರೆದಿದ್ದೀರಿ ಟೀಚರ್. ಅದು ದಾಖಲೆಯಲ್ಲಿ ದಾರಿ ಅಲ್ಲ. ಯಾರ ನೆಲದಲ್ಲಿ ಹೋಗುತ್ತೋ ಅವರು ಅದನ್ನ ಸಾರ್ವಜನಿಕ ದಾರಿಗೆ ಅಂತ ದಾನಪತ್ರ ಬರೆದುಕೊಡಬೇಕು. ನಿಮ್ಮದು ನೀವು ಬರೆಯಿರಿ, ಮುಂದಿನದನ್ನ ನಿಮ್ಮ ಅಣ್ಣ ಬರೆಯಲಿ. ಒಂದು ತಿಂಗಳಲ್ಲಿ ತಂದುಕೊಡದಿದ್ದರೆ ಅರ್ಜಿ ವಾಪಸ್.”

ಅಷ್ಟೇನಾ ಎನಿಸಿತು. ಅಣ್ಣನ ಒಂದು ಕೈಯೆಳುತ್ತು, ನಮ್ಮ ಮನೆಮಾತಿನಲ್ಲಿ ರುಜುವಿಗೆ ಹಾಗೇ ಅನ್ನುವುದು, ಬಿದ್ದರೆ ಮುಗಿಯಿತು. ಅಲ್ಲಿಂದ ನೇರ ತೋಟಕ್ಕೆ ಹೋದೆ. ಅಣ್ಣ ಚಪ್ಪರದ ಕೆಳಗೆ ನಿಂತು ತಂತಿ ಬಿಗಿಯುತ್ತಿದ್ದ. ನನಗಿಂತ ಹನ್ನೊಂದು ವರ್ಷ ದೊಡ್ಡವನು. ಇವತ್ತಿಗೂ ನನ್ನನ್ನು ಕರೆಯುವುದು ‘ಪಾಪ್ಪಾ’ ಎಂದೇ. ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ತಂತಿಯಿಂದ ಕೈ ತೆಗೆಯಲಿಲ್ಲ.

“ಅದ್ನ ಹೆಂಗೆ ಬರ್ಕೊಡೋದು ಪಾಪ್ಪಾ?”

“ಹೆಂಗೆ ಅಂದ್ರೆ? ಆಫೀಸ್ಗೆ ಬಂದು ಕೈಯೆಳುತ್ತು ಹಾಕಿದ್ರೆ ಆಯ್ತು. ನಾನೂ ಹಾಕ್ತೀನಲ್ಲ.”

“ಇಲ್ಲ. ಅದು ಆಗದು.”

“ಯಾಕೆ?”

“ಬೇರೆ ಏನಾರ ಕೇಳು.”

ಅಷ್ಟೇ. ಯಾಕೆ ಎಂದು ನಾಲ್ಕು ಸಲ ಕೇಳಿದೆ. ನಾಲ್ಕನೆಯ ಸಲಕ್ಕೆ ಅವನು ಇನ್ನೊಂದು ಕಂಬದ ಹತ್ತಿರ ಹೋಗಿ ಅಲ್ಲಿನ ತಂತಿ ಹಿಡಿದ. ನನ್ನ ತಲೆಗೆ ರಕ್ತ ಏರಿತು.

“ಗೊತ್ತಾಯ್ತು ಬಿಡಣ್ಣ. ನಂಗೊಂದು ಬಾಗಿಲಿರೋದು ನಿಂಗೆ ಬ್ಯಾಡ. ಮದ್ವೆಯಾಗ್ದೋಳು ನಿನ್ನ ತೋಟದ ಹಿಂದೆ ಒಬ್ಬಳೇ ಇದ್ರೆ ನಿನ್ನ ಮಾನ ಹೋಯ್ತದೆ. ಅಪ್ಪ ನೆಲ ಕೊಟ್ಟ ದಿನಾನೇ ನಿನ್ನ ಮೊಗ ನೋಡಿದ್ದೆ ನಾನು.”

ಅತ್ತಿಗೆ ಕಾಫಿ ಹಿಡಿದು ಬದುವಿನ ಮೇಲೆ ನಿಂತಿದ್ದಳು. ಅಣ್ಣ ಒಮ್ಮೆ ತಿರುಗಿ ನೋಡಿ, ಮತ್ತೆ ತಂತಿ ಬಿಗಿಯತೊಡಗಿದ. ನಾನು ಕಾಫಿ ಮುಟ್ಟದೆ, ಆ ಪಾದೆಯಲ್ಲೇ ರಸ್ತೆಗೆ ಬಂದು ಸಿಕ್ಕ ಬಸ್ಸು ಹತ್ತಿದೆ.

ಆಮೇಲಿನ ಮೂರು ವಾರ ನಾನು ನಾನಾಗಿರಲಿಲ್ಲ. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಊಟದ ಡಬ್ಬಿ ಮರೆತು ಶಾಲೆಗೆ. ಒಂಬತ್ತನೆಯ ತರಗತಿಗೆ ಎಂಟನೆಯದರ ಪಾಠ ಅರ್ಧ ಗಂಟೆ ಮಾಡಿದೆ, ಮಕ್ಕಳೂ ಜಾಣರು, ಸುಮ್ಮನೆ ಬರೆದುಕೊಂಡರು. ಬಾಡಿಗೆ ಮನೆಯವರು ಪೇಂಟ್ ಹೊಡೆಯುವವನನ್ನು ಕರೆತಂದು, ನಾನು ಒಳಗಿರುವಾಗಲೇ ಗೋಡೆ ಅಳೆಸಿದರು. ಒಂದು ಭಾನುವಾರ ಬಸ್ಸು ಹತ್ತಿ ತೇನಿ ದಾಟಿ ನಮ್ಮೂರಿನ ಸ್ಟಾಪ್‌ವರೆಗೆ ಹೋದೆ. ಇಳಿಯಲು ಎದ್ದು ನಿಂತೆ, ಮತ್ತೆ ಕೂತೆ. ಕಂಬಂವರೆಗೆ ಹೋಗಿ, ಸ್ಟ್ಯಾಂಡಿನಲ್ಲಿ ಆರು ಸುತ್ತು ಹಾಕಿ, ಅದೇ ಬಸ್ಸಿನಲ್ಲಿ ವಾಪಸಾದೆ. ಕಂಡಕ್ಟರ್ ಏನೋ ಕೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಟಿಕೆಟ್ ಹರಿದುಕೊಟ್ಟ. ಮುಂದಿನ ಭಾನುವಾರವೂ ಅದನ್ನೇ ಮಾಡಿದೆ. ಕ್ಷಮೆ ಕೇಳಲು ಹೋಗುತ್ತಿದ್ದೆನೋ ಇನ್ನೂ ನಾಲ್ಕು ಮಾತು ಆಡಲು ಹೋಗುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.

ತಿಂಗಳು ಮುಗಿಯಲು ಐದು ದಿನವಿರುವಾಗ ಎಂಜಿನಿಯರ್ ಫೋನ್ ಮಾಡಿದರು. “ನಿಮ್ಮ ಅಣ್ಣ ಬಂದಿದ್ರು ಟೀಚರ್. ಪತ್ರ ಆಯ್ತು. ಒಂದು ಸಲ ಜಾಗಕ್ಕೆ ಬನ್ನಿ, ಅಳತೆ ಹಾಕಬೇಕು.”

ಸಹಿ ಹಾಕಿದ್ದಾನೆ! ನಾನಾಡಿದ ಮಾತು ತಾಗಿರಬೇಕು, ಹಾಗೆ ಆಡದಿದ್ದರೆ ಕೆಲಸವೇ ಆಗುತ್ತಿರಲಿಲ್ಲ ಎಂದು ದಾರಿಯುದ್ದಕ್ಕೂ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇವತ್ತು ಅದನ್ನು ನೆನೆದರೆ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನಿಸುತ್ತದೆ.

ಬಸ್ಸಿಳಿದವಳಿಗೆ ಮೊದಲು ಕಂಡದ್ದು ಬೆಳಕು. ತೋಟದ ಪಡುವಲ ಅಂಚಿನಲ್ಲಿ, ಯಾವಾಗಲೂ ಚಪ್ಪರದ ನೆರಳಿರುತ್ತಿದ್ದ ಕಡೆ, ರಸ್ತೆಯಿಂದ ನನ್ನ ನೆಲದವರೆಗೆ ಬಿಸಿಲು ಬಿದ್ದಿತ್ತು. ಒಂದು ಸಾಲು ಬಳ್ಳಿ ಪೂರ್ತಿ ಇಲ್ಲ. ಕಲ್ಲುಕಂಬಗಳನ್ನು ಕಿತ್ತು ಬದಿಗೆ ಸಾಲಾಗಿ ಮಲಗಿಸಿದ್ದ. ತಂತಿಯನ್ನು ಸುತ್ತಿ ಸಿಂಬಿ ಮಾಡಿಟ್ಟಿದ್ದ. ಕಡಿದ ಬಳ್ಳಿಗಳು ರಾಶಿ ಬಿದ್ದಿದ್ದವು, ಅವುಗಳಲ್ಲಿ ಮೆಣಸಿನ ಕಾಳಿನಷ್ಟು ಹಸಿರು ಕಾಯಿಯ ಗೊಂಚಲು ಹಾಗೇ ಇತ್ತು. ಎರಡು ತಿಂಗಳು ಬಿಟ್ಟಿದ್ದರೆ ಕೊಯ್ಲು. ಅಪ್ಪನೂ ಅಣ್ಣನೂ ಕೂಡಿ ನೆಟ್ಟ ಸಾಲು ಅದು. ಗುಂಡಿಗೆ ನೀರು ಹೊಯ್ಯಲು ನಾನೂ ಚಿಕ್ಕ ಚೊಂಬು ಹಿಡಿದು ಓಡಾಡಿದ್ದೆ.

ಅಣ್ಣ ಕೊನೆಯ ಬುಡವನ್ನು ಗರಗಸದಿಂದ ಕೊಯ್ಯುತ್ತಿದ್ದ. ಎಂಜಿನಿಯರ್ ಟೇಪು ಹಿಡಿದು ನಿಂತಿದ್ದರು.

“ನಾನು ಹತ್ತು ಅಡಿ ಸಾಕು ಅಂದೆ. ಮರಳಿನ ಲಾರಿ ಒಳಗೆ ಬರಬೇಕು ಅಂತ ಹನ್ನೆರಡು ಬರೆದುಕೊಟ್ಟಿದ್ದಾರೆ” ಎಂದರು ಅವರು.

ಮೂಡಲ ಕಡೆ ನೋಡಿದೆ. ಪಾದೆ ಹೇಗಿತ್ತೋ ಹಾಗೇ ಇತ್ತು, ಒಣಗಿದ ಸಗಣಿ, ಗೊರಸಿನ ಗುರುತು.

“ಅಣ್ಣಾ, ಇಷ್ಟು ಬಳ್ಳಿ ಯಾಕೆ ಕಡಿದೆ? ಆ ಪಾದೆಗೆ ಒಂದು ಕೈಯೆಳುತ್ತು ಹಾಕಿದ್ರೆ ಇದೆಲ್ಲ ಉಳೀತಿತ್ತಲ್ಲ.”

ಅವನು ಗರಗಸ ಕೆಳಗಿಟ್ಟು, ಬೆವರು ಒರೆಸಿಕೊಂಡ.

“ಇದು ನಂದು ಪಾಪ್ಪಾ. ನಂದನ್ನ ನಿಂಗೆ ಬರ್ಕೊಡ್ಬೋದು. ಅದನ್ನ ಕೊಟ್ಟೆ ಅಂತ ಬರೆದ್ರೆ ನಂದಾಗಿತ್ತು ಅಂದಂಗಲ್ವಾ? ಅಪ್ಪ ಒಂದಿನಾನಾರ ಅದನ್ನ ನಂದು ಅಂದಿದ್ರಾ?”

ಅಂದಿರಲಿಲ್ಲ. ಒಂದು ಕರು ಏಳುವವರೆಗೆ ಬದುವಿನ ಮೇಲೆ ಕೂತವರು ಅವರು. ಅದನ್ನು ಕಣ್ಣಾರೆ ಕಂಡು, ಕಣ್ಣಲ್ಲೇ ಗದರಿಸಿಕೊಂಡ ನಾನು, ಅದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು ಅಡಿ ಲೆಕ್ಕ ಬರೆದು ಕಳಿಸಿದ್ದೆ. ‘ಹೆಂಗೆ ಬರ್ಕೊಡೋದು’ ಎಂದು ಅಣ್ಣ ಮೊದಲ ದಿನವೇ ಕೇಳಿದ್ದ. ಅವನು ಕೇಳಿದ್ದು ನಿಜವಾದ ಪ್ರಶ್ನೆ. ನಾನು ಅದನ್ನು ನೆಪ ಅಂದುಕೊಂಡೆ. ಅಷ್ಟು ವರ್ಷದಲ್ಲಿ ಮೊದಲ ಸಲ ಎಲ್ಲಿಗೂ ನಡೆದು ಹೋಗಲು ಕಾಲು ಏಳಲಿಲ್ಲ.

ಎಂಜಿನಿಯರ್ ಹೊಸ ನಕ್ಷೆಯನ್ನು ಮೊಬೈಲಿನಲ್ಲಿ ತೋರಿಸುತ್ತ, “ಮೂಡಲ ಕಡೆ ಎಂಟು ಅಡಿ ಉಳಿಯುತ್ತೆ ಟೀಚರ್. ಅಲ್ಲಿ ಏನು ಅಂತ ಬರೆಯಲಿ?” ಎಂದರು.

“ಏನೂ ಬರೀಬೇಡಿ. ಸುಮ್ಮನೆ ಖಾಲಿ ಬಿಡಿ” ಎಂದೆ.

ಅನುಮತಿ ಬಂದದ್ದು ಶಾಲೆಯ ಊಟದ ಹೊತ್ತಿನಲ್ಲಿ, ಮೊಬೈಲಿಗೆ ಒಂದು ಸಾಲಿನ ಸಂದೇಶವಾಗಿ. ಕುಣಿಯಬೇಕಿತ್ತು, ಕುಣಿಯಲಿಲ್ಲ. ಅಣ್ಣನಿಗೆ ಆಡಿದ ಮಾತನ್ನು ಇನ್ನೂ ಹಿಂತೆಗೆದುಕೊಂಡಿರಲಿಲ್ಲ. ಪಾಯಕ್ಕೆ ದಾರ ಕಟ್ಟಿದ ದಿನ ಅಣ್ಣ ಮಣ್ಣಿನ ಕೈ ಒರೆಸಿಕೊಳ್ಳುತ್ತ ಪಕ್ಕಕ್ಕೆ ಬಂದಾಗ ಬಾಯಿ ತೆರೆದೆ.

“ಅಣ್ಣಾ, ಆವತ್ತು ತೋಟದಾಗೆ ನಾನು ಅಂದಿದ್ದು...”

“ಮೇಸ್ತ್ರಿ ಆಗಿಂದ ಕಾಯ್ತಾವ್ನೆ” ಎಂದು ಅವನು ನನ್ನ ಮಾತು ತುಂಡರಿಸಿದ. “ಬಾಗ್ಲು ಯಾವ ಕಡೆ ಇಡೋದು ಅಂತ ಹೇಳು ಮೊದ್ಲು.”

“ಪಡುವಲಿಗೆ” ಎಂದೆ. “ನಿನ್ನ ಬಳ್ಳಿ ಇದ್ದ ಕಡೆಗೆ.”

ಅಣ್ಣ ಆ ಬಿಸಿಲಿನ ಪಟ್ಟೆಯ ಕಡೆ ಒಂದು ಗಳಿಗೆ ನೋಡಿದ. ಆಮೇಲೆ ಬಗ್ಗಿ, ಬಾಗಿಲು ಬರುವ ಜಾಗದ ಗೂಟವನ್ನು ತಾನೇ ಹೊಡೆದ.